ಬೆಂಕಿಗೆ ಕೊಟ್ಟ ಕಣಕ

“ವೋಲ್ನಾ ನದಿಯ ಎರಡೂ ದಡದವರು ಕೇಳಿ! ರಾಜಕುಮಾರಿ ಯಾನಿನಾಳ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!”

ಡಂಗುರ ಕೇಳಿ ಊರೆಲ್ಲ ಗುಸುಗುಸು. ಅರ್ಧ ರಾಜ್ಯವೆಂದರೆ ಸತ್ತವನೂ ಎದ್ದು ಕೂರುತ್ತಾನೆ, ಬದುಕಿದ್ದವರು ಸುಮ್ಮನಿರುತ್ತಾರೆಯೇ?

ಯಾನಿನಾ ರಾಜನ ಸಾಕುಮಗಳು. ಹಿಂದೊಮ್ಮೆ ಪರದೇಶದ ದಂಡು ನುಗ್ಗಿ, ಯೆಹೂದಿಗಳ ಕೇರಿಯ ಜನರನ್ನೆಲ್ಲ ಎಳೆದೊಯ್ದು ಸುಟ್ಟಿತ್ತು. ದಂಡನ್ನು ಓಡಿಸಿದ ರಾಜ ಕೇರಿಗೆ ಬಂದದ್ದು ಮರುದಿನ. ಅಲ್ಲಿ ಜೀವಂತ ಸಿಕ್ಕದ್ದು ಈ ಮಗುವೊಂದೇ. ಅವಳಿಗೆ ತಾಯಿಯ ಮುಖ ನೆನಪಿಲ್ಲ. ಮೂರು ಚೂರು ನೆನಪಿದ್ದವು, ಅವುಗಳ ಅರ್ಥ ಗೊತ್ತಿರಲಿಲ್ಲ. ಅವನ್ನೇ ಒಗಟು ಮಾಡಿ ಡಂಗುರ ಸಾರಿಸಿದ್ದಳು. ಅವಳಿಗೆ ಬೇಕಾಗಿದ್ದುದು ಗಂಡನಲ್ಲ, ಅಮ್ಮ.

“ಉತ್ತರ ಸರಿಯೆಂದು ನಿನಗೆ ತಿಳಿಯುವುದು ಹೇಗೆ ಮಗಳೇ?” ಎಂದು ರಾಜ ಕೇಳಿದ.

“ನಿಜ ಗೊತ್ತಿದ್ದವನು ನಾನು ಕೇಳದ್ದನ್ನೂ ಹೇಳುತ್ತಾನೆ ಅಪ್ಪಾಜಿ.”

ಮೊದಲು ಬಂದವನು ದಂಡನಾಯಕ. ಯಾನಿನಾ ಕೇಳಿದಳು: “ಹೊಸ ಮನೆಯ ಗೋಡೆಗೆಲ್ಲ ಸುಣ್ಣ ಬಳಿದವರು ಬಾಗಿಲೆದುರಿನ ಗೋಡೆಯಲ್ಲಿ ಮೊಳದಷ್ಟು ಜಾಗ ಹಾಗೇ ಬಿಡುತ್ತಾರೆ. ಏಕೆ? ಬಾಗಿಲ ಬಲಗಂಬದಲ್ಲಿ ಒಬ್ಬ ಓರೆಯಾಗಿ ಮಲಗಿದ್ದಾನೆ. ಬಂದುಹೋಗುವವರು ಅವನನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಯಾರವನು? ಒಬ್ಬ ತಾಯಿ ವಾರವಾರ ಕಣಕದಲ್ಲಿ ಒಂದು ಚೂರು ಮುರಿದು ಬೆಂಕಿಗೆ ಕೊಡುತ್ತಿದ್ದಳು. ಒಂದು ವಾರ ಇಡೀ ಕಣಕವನ್ನೇ ಹಾಕಿ ಅತ್ತಳು. ಅವಳಿಗೆ ಏನು ಕಂಡಿತ್ತು?”

“ಸುಣ್ಣ ಮುಗಿದಿತ್ತು. ಮಲಗಿದವನು ಕುಡುಕ ಕಾವಲುಗಾರ. ಹಿಟ್ಟಿನಲ್ಲಿ ಹುಳು ಕಂಡಿತ್ತು!” ಎಂದ ದಂಡನಾಯಕ. ತಲೆದಂಡದ ದಿನದವರೆಗೆ ಇರಲೆಂದು ಅವನನ್ನು ಸೆರೆಮನೆಗೆ ಒಯ್ದರು. ಮಂತ್ರಿಯ ಮಗ ಮೊದಲೆರಡಕ್ಕೆ ತಡವರಿಸಿ, ಮೂರನೆಯದಕ್ಕೆ, “ಹುಚ್ಚಿಗೆ ಏನು ಕಂಡರೇನು?” ಎಂದು ನಕ್ಕ. ಯಾನಿನಾಳ ಕಣ್ಣು ತುಂಬಿತು. ಅವನೂ ಒಳಗೆ ಹೋದ.

ಒಗಟುಗಳು ಬಾಯಿಂದ ಬಾಯಿಗೆ ಹಬ್ಬಿ, ಹೆರ್ಶೆಲ್ ಎಂಬ ಅಂಬಿಗನ ದೋಣಿಯನ್ನೂ ಹತ್ತಿದವು. ಕೇಳಿದವನ ಕೈಯಿಂದ ಹುಟ್ಟು ಜಾರಿತು. ಒದ್ದೆ ಅಂಗಿಯಲ್ಲೇ ಅವನು ಅರಮನೆಗೆ ಬಂದ.

“ತಲೆ ಹೋದೀತಪ್ಪಾ,” ಎಂದ ರಾಜ.

“ಹೋಗಲಿ ಸ್ವಾಮಿ. ರಾಜಕುಮಾರಿಯವರೇ, ನಮ್ಮ ಯೆಹೂದಿಗಳ ದೇವಾಲಯ ಬಹಳ ಹಿಂದೆ ದೂರದ ನಾಡಿನಲ್ಲಿ ಸುಟ್ಟುಹೋಯಿತು. ಎಷ್ಟು ಚಂದದ ಮನೆ ಕಟ್ಟಿದರೂ ಅದನ್ನು ಮರೆಯಬಾರದು ಅಂತ ಅಷ್ಟು ಜಾಗಕ್ಕೆ ಸುಣ್ಣ ಬಳಿಯಲ್ಲ. ಬಾಗಿಲಲ್ಲಿ ಮಲಗಿರೋದು ದೇವರ ಮಾತು ಬರೆದಿಟ್ಟ ಪುಟ್ಟ ಕೊಳವೆ. ಅಪ್ಪ ನನ್ನನ್ನು ಎತ್ತಿ ಮುಟ್ಟಿಸ್ತಿದ್ದ.”

ಮೂರನೆಯದಕ್ಕೆ ಅವನ ದನಿ ಇಳಿಯಿತು. “ಕಣಕದ ಚೂರು ದೇವರ ಪಾಲು. ಆ ಶುಕ್ರವಾರ ಅಮ್ಮ ಮನೆಯ ಹಿಟ್ಟೆಲ್ಲ ನಾದಿ ಒಲೆಗೆ ಹಾಕಿದಳು. ‘ಈ ಸಲ ಬೆಂಕಿ ಚೂರಿಗೆ ಒಪ್ಪಲ್ಲ, ನಮ್ಮೆಲ್ಲರನ್ನೂ ಕೇಳ್ತಿದೆ, ಓಡಿ’ ಅಂತ ಮನೆಮನೆಗೂ ಹೋಗಿ ಅತ್ತಳು. ನಮ್ಮ ಹಿರಿಯರು ಶಾಸ್ತ್ರ ಬಲ್ಲವರು. ಕಣಕ ಪೂರ್ತಿ ಸುಡೋದು ಪಾಪ ಹೌದೋ ಅಲ್ಲವೋ ಅಂತ ವಾದಕ್ಕೆ ಕೂತರು. ವಾದ ಮುಗಿಯೋ ಮೊದಲೇ ದಂಡು ಬಂತು.”

“ಉರಿ ಕಂಡಿತು, ಸರಿ. ಹಿಟ್ಟೆಲ್ಲ ಏಕೆ ಖಾಲಿ ಮಾಡಬೇಕಿತ್ತು?” ಎಂದ ರಾಜ.

“ನನ್ನನ್ನು ದೋಣಿ ಹತ್ತಿಸಿ ಆಚೆ ದಡಕ್ಕೆ ಕಳಿಸಿದಳು. ತಂಗಿಗೆ ಜ್ವರ, ನದಿಯ ಚಳಿ ತಡೆಯುವವಳಲ್ಲ. ನಾನು ಹೊರಡುವಾಗ ಅಮ್ಮ ಖಾಲಿ ಹಿಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಕೊರೀತಿದ್ದಳು.”

ರಾಜ ಎದ್ದು ನಿಂತ. ಮಗು ಹಿಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕದ್ದು ಅವನನ್ನೂ ಯಾನಿನಾಳನ್ನೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

“ಅಮ್ಮ ನನ್ನನ್ನು ಏನಂತ ಕರೀತಿದ್ದಳು?” ಯಾನಿನಾ ಓಡಿ ಬಂದು ಅವನ ಒದ್ದೆ ತೋಳು ಹಿಡಿದಳು.

“ಬ್ಲೂಮಾ ಅಂತ. ನಮ್ಮ ಮಾತಿನಲ್ಲಿ ಹೂವು. ನೀನು ಬದುಕಿದ್ದೀಯಾ ತಂಗೀ!”

ಅಣ್ಣನಿಗೆ ತಂಗಿಯನ್ನು ಕೊಟ್ಟು ಮದುವೆ ಮಾಡಲಾದೀತೇ! ಅರ್ಧ ರಾಜ್ಯವೂ ಅವನಿಗೆ ಬೇಡವಾಯಿತು. ಸೆರೆಯಲ್ಲಿದ್ದವರ ಪ್ರಾಣ ಉಳಿಸಬೇಕೆಂದ, ಕೇರಿಯಲ್ಲಿ ರಾಜ ಮುಚ್ಚಿಸಿಟ್ಟಿದ್ದ ಅಮ್ಮನ ಮನೆಯ ಬೀಗದ ಕೈ ಕೇಳಿದ. ರಾಜ ಎರಡನ್ನೂ ಕೊಟ್ಟ.

ಶುಕ್ರವಾರ ಅಣ್ಣ ತಂಗಿ ಬಾಗಿಲು ತೆಗೆದರು. ಬ್ಲೂಮಾ ಕಂಬದ ಕೊಳವೆ ಮುಟ್ಟಿ ಬೆರಳಿಗೆ ಮುತ್ತಿಟ್ಟಳು. ಕಣಕ ನಾದುವಾಗ ಅಮ್ಮನ ಕೈ ಹೇಗಿತ್ತೆಂದು ಮತ್ತೆ ಮತ್ತೆ ಕೇಳಿದಳು. ಅವನು ಹೇಳಿದಷ್ಟೂ ಅವಳಿಗೆ ಸಾಲಲಿಲ್ಲ. ಕೊನೆಗೆ ಒಂದು ಚೂರು ಮುರಿದು ಒಲೆಗೆ ಹಾಕಿ ಬೆಂಕಿಗೆ ಹೇಳಿದಳು:

“ನಿನಗೆ ಇಷ್ಟೇ. ಇನ್ನು ಮೇಲೆ ಇಷ್ಟೇ.”