ಎಂಜಲಬಾವಿ

ಡಾಂಬರು ರಸ್ತೆ ಮುಗಿದ ಮೇಲೂ ಹನ್ನೊಂದು ಮೈಲಿ ಉಪ್ಪುಮಣ್ಣಿನ ಸವುಳು ಬಯಲು ದಾಟಿದರೆ ಎಂಜಲಬಾವಿ ಸಿಗುತ್ತದೆ. ಅರವತ್ತು ಮನೆ, ಒಂದು ಶಾಲೆ, ಕುರಿಹಟ್ಟಿಗಳು. ನಡುವೆ ಕರಿಕಲ್ಲು ಕಟ್ಟಿದ ಬಾವಿ. ಹೆಸರು ಕೇಳಿ ಹೊಸಬರು ಮುಖ ಸಿಂಡರಿಸುವುದುಂಟು. ಊರವರು ಮಾತ್ರ ಅದನ್ನು ತಲೆಯೆತ್ತಿಯೇ ಹೇಳುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಊರೇ ಇರಲಿಲ್ಲ ಎನ್ನುತ್ತಾರೆ. ಯಾವ ಕಾಲವೆಂದು ಖಚಿತವಾಗಿ ಹೇಳುವವರು ಈಗ ಯಾರೂ ಉಳಿದಿಲ್ಲ. ಕುರಿ ಮೇಯಿಸುತ್ತ ಬಂದ ಹನ್ನೆರಡು ಕುಟುಂಬಗಳು ಹಿರಿಯನಾದ ಹೇಮಣ್ಣನ ಮಾತಿನಂತೆ ಬೀಡುಬಿಟ್ಟು ಬಾವಿ ತೋಡಿಸಿದವು. ಎಲ್ಲಿ ಅಗೆದರೂ ಉಪ್ಪುನೀರು ಬರುವ ನೆಲ. ಇದೂ ಹಾಗೇ ಆದರೆ ಮತ್ತೆ ಅಲೆದಾಟ. ಹೊಸ ಬಾವಿಯ ಮೊದಲ ಕೊಡ ದೇವರಿಗೆ ಸಲ್ಲಬೇಕು, ಅದಕ್ಕೆ ಮುನ್ನ ಯಾರಾದರೂ ಬಾಯಿ ಹಚ್ಚಿದರೆ ಆ ಜಾಗವನ್ನೇ ಬಿಟ್ಟು ಹೋಗಬೇಕು ಎಂಬುದು ಅವರ ಕಟ್ಟಳೆ. ನೀರು ಕಂಡ ಮಧ್ಯಾಹ್ನವೇ, ಎಂಟು ದಿನ ಬಂಡೆ ಒಡೆದಿದ್ದ ಯಂಕೋಬ ಝಳ ಬಡಿದು ಕುಸಿದ. ತೊಗಲುಚೀಲದಲ್ಲಿದ್ದ ಹಳೆಯ ಉಪ್ಪುನೀರು ಬಾಯಿಗೆ ಬಿಟ್ಟರೆ ಕಕ್ಕಿದ. ದೇವರನ್ನು ಹೊತ್ತ ಪೂಜಾರಿ ಬರಲು ಇನ್ನೂ ಒಂದು ದಿನವಿತ್ತು.

ಹೇಮಣ್ಣನ ಅಕ್ಕ ಹುಲಿಗೆವ್ವ ಬಾವಿಯ ಹಗ್ಗಕ್ಕೆ ಕೈ ಹಾಕಿದಳು.

“ಅಕ್ಕಾ, ದೇವರ ನೀರು ಅದು! ನಾಳೆ ಸಂಜೀತನ ತಡಿ.”

“ದೇವರು ತಡೀತಾನೋ ತಮ್ಮಾ. ಈತನ ಜೀವ ತಡಿಯಂಗಿಲ್ಲ.”

ಈ ನೀರೂ ಉಪ್ಪಾಗಿದ್ದರೆ ಯಂಕೋಬ ಉಳಿಯಲಾರನೆಂದು ಆಕೆಗೆ ಗೊತ್ತಿತ್ತು. ಬಾಯಿ ಹಚ್ಚಿದರೆ ಊರು ಉಳಿಯಲಾರದೆಂಬುದೂ ಗೊತ್ತಿತ್ತು. ಬೊಗಸೆಯಲ್ಲಿ ಹಿಡಿದು ಮೊದಲು ತಾನೇ ಕುಡಿದು ನೋಡಿದಳು. ಆಮೇಲೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. “ಎಂಜಲಬಾವಿ ಮಾಡಿಟ್ಟಿ!” ಎಂದು ಕೂಗಿದ ಹೇಮಣ್ಣ, ಪೂಜಾರಿ ಬಂದೊಡನೆ ಹೊರಡಲೆಂದು ಸಾಮಾನು ಕಟ್ಟಿಸತೊಡಗಿದ. ಮತ್ತೆ ಯಾರೂ ಆಕೆಯೊಡನೆ ಮಾತಾಡಲಿಲ್ಲ.

ಮರುದಿನ ಸಂಜೆ ಪೂಜಾರಿ ಬಂದಾಗ ಹುಲಿಗೆವ್ವ ತಾನೇ ಎದುರು ಹೋಗಿ ನಡೆದುದನ್ನು ಹೇಳಿದಳು. ಕಲ್ಲುರಾಶಿಗೆ ಒರಗಿ ಅಂಬಲಿ ಕುಡಿಯುತ್ತಿದ್ದ ಯಂಕೋಬನನ್ನು ಆ ಮುದುಕ ಬಹಳ ಹೊತ್ತು ನೋಡಿದನಂತೆ.

“ಹ್ಯಾಂಗೈತವ್ವಾ ನೀರು?”

“ಸಿಹಿ ಐತ್ರಿ ಯಪ್ಪಾ.”

“ಅದು ನಿನ್ನಿ ಮಾತು. ಇವತ್ತಿಂದು ಕುಡಿದು ಹೇಳು. ಇಷ್ಟು ದೂರ ಹೊತ್ತು ತಂದೀನಿ, ದೇವರಿಗೆ ಉಪ್ಪುನೀರು ಕುಡಿಸಲೇನು?”

ಹುಲಿಗೆವ್ವ ಎಲ್ಲರೆದುರು ಮತ್ತೊಮ್ಮೆ ಕುಡಿದಳು. ಹೇಮಣ್ಣ ಹೋಗಿ, ಕತ್ತೆಗಳ ಬೆನ್ನ ಮೇಲಿನ ಹೇರು ಬಿಚ್ಚತೊಡಗಿದ. ಸಿಟ್ಟಿನಲ್ಲಿ ಅವನಿಟ್ಟ ಹೆಸರು ಮಾತ್ರ ಹಾಗೆಯೇ ನಿಂತಿತು.

ಮುಂಗಾರಿನ ಮೊದಲ ಸೋಮವಾರ ಇಲ್ಲಿಗೆ ಬಂದವರು ಇಂದಿಗೂ ನೋಡಬಹುದು. ಊರಿನ ಅತಿ ಹಿರಿಯ ಹೆಂಗಸು ಬಾವಿಕಟ್ಟೆಯ ಮೇಲೆ ಕೂತು ಹೊಸ ನೀರನ್ನು ಒಂದು ಬೊಗಸೆ ಕುಡಿಯುತ್ತಾಳೆ. ಆಕೆ ಬಾಯೊರೆಸಿಕೊಂಡು “ಸಿಹಿ ಐತಿ” ಎನ್ನುವ ತನಕ, ದೇವರ ಮೇಲೆ ಎತ್ತಿ ಹಿಡಿದ ಕೊಡವನ್ನು ಪೂಜಾರಿ ಬಗ್ಗಿಸುವುದಿಲ್ಲ.