ಒಂದೇ ತಾರೀಖಿನ ಮೂರು ಅಂಕಣ

"ಗುರುಗಳೇ, ತಪ್ಪನ್ನು ಎಷ್ಟು ತಿದ್ದಿದರೆ ತಿದ್ದಿದಂತಾಯಿತು?" ಎಂದು ಅಡಿವೆಯ್ಯ ಕೇಳಿದ.

ಅಡಿವೆಯ್ಯ ಮಠದಲ್ಲಿ ಸಂಜೆ ಹೊತ್ತು ಊರವರಿಗೆ ಪುರಾಣ ಓದಿ ಅರ್ಥ ಹೇಳುತ್ತಿದ್ದ ಶಿಷ್ಯ. ಒಂದು ಪದ್ಯಕ್ಕೆ ವರ್ಷದಿಂದಲೂ ತಪ್ಪು ಅರ್ಥ ಹೇಳಿಕೊಂಡು ಬಂದಿದ್ದ. ಆ ವಾರ ಕೇಳುಗರಲ್ಲೊಬ್ಬರು ಪಾಠ ಮುಗಿದ ಮೇಲೆ ಹತ್ತಿರ ಬಂದು, "ಸ್ವಾಮಿ, ಇದು ಹೀಗಿರಲಿಕ್ಕಿಲ್ಲ" ಎಂದಿದ್ದರು. ನೋಡಿದರೆ ಅವರ ಮಾತೇ ಸರಿ.

"ಬಂದು ಕೇಳಿದವರಿಗೆ ತಿದ್ದಿ ಹೇಳಿದೆ. ಉಳಿದವರು ಆ ಮಾತೇ ಎತ್ತಿಲ್ಲ. ಎಲ್ಲರ ಮುಂದೆ ನಿಂತು, ಇಷ್ಟು ದಿನ ತಪ್ಪು ಹೇಳಿದೆ ಎಂದರೆ ನಾಳೆ ಸರಿಯಾಗಿ ಹೇಳಿದ್ದನ್ನೂ ಅವರು ನಂಬುವುದಿಲ್ಲ."

"ಕೂತುಕೋ," ಎಂದರು ಗುರುಗಳು. ಕತೆ ಶುರುವಾಯಿತು.

ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಹುಟ್ಟುತ್ತಲೇ ಮೇಸ್ತ್ರಿಯಾಗಿರಲಿಲ್ಲ, ಮತ್ತೆ. ಹತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತ. ಇನ್ನೊಂದು ಹತ್ತು ವರ್ಷ ಗಾರೆ ಬಳಿಯುವ ಕರಣೆ ಹಿಡಿದ. ಆಮೇಲೆ ಒಬ್ಬ ಗುತ್ತಿಗೆದಾರ ಅವನ ಕೈಗೆ ಅಳತೆಯ ದಾರ ಕೊಟ್ಟು, "ಇನ್ನು ನೀನೇ ಮೇಸ್ತ್ರಿ" ಎಂದ. ಬಸ್ ನಿಲ್ದಾಣದಿಂದ ಆಸ್ಪತ್ರೆಯ ತನಕ ಕಾಂಕ್ರೀಟ್ ರಸ್ತೆ. ಅದೇ ಅವನ ಮೊದಲ ಮೇಸ್ತ್ರಿಕೆ. ಮೊದಮೊದಲು ಯಾರಾದರೂ "ಮೇಸ್ತ್ರಿ" ಎಂದು ಕೂಗಿದರೆ, ಯಾರನ್ನು ಕರೆಯುತ್ತಿದ್ದಾರೋ ಎಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ.

ಕಾಂಕ್ರೀಟ್ ರಸ್ತೆಯನ್ನು ಒಂದೇ ಹಾಸಾಗಿ ಹಾಕುವುದಿಲ್ಲ. ಚೌಕ ಚೌಕವಾಗಿ, ಅಂಕಣ ಅಂಕಣವಾಗಿ ಹಾಕುತ್ತಾರೆ. ಹಸಿಯಿರುವಾಗಲೇ ಪ್ರತಿ ಅಂಕಣದ ಮೂಲೆಯಲ್ಲಿ ಮೊಳೆಯಿಂದ ಆ ದಿನದ ತಾರೀಖು ಗೀಚುತ್ತಾರೆ, ಎಷ್ಟು ದಿನ ನೀರುಣಿಸಬೇಕೆಂದು ತಿಳಿಯಲು. ಗೀಚುವ ಹಕ್ಕು ಮೇಸ್ತ್ರಿಯದು. ಇವನು ಅದನ್ನು ಮದುವೆಯ ಕರೆಯೋಲೆ ಬರೆಯುವಷ್ಟು ಮುದ್ದಾಗಿ ಬರೆಯುತ್ತಿದ್ದ.

ಒಂದು ದಿನ ಬಿಸಿಲು ಜೋರಾಗಿತ್ತು. ಊಟ ಮುಗಿಸಿ ಏಳುವುದು ತಡವಾಯಿತು. ಅಷ್ಟರಲ್ಲಿ ಕಲಸಿಟ್ಟ ಕಾಂಕ್ರೀಟ್ ಬಿಗಿದುಕೊಂಡಿತ್ತು. ಎಳೆದೂ ಎಳೆದೂ ಕೆಲಸದ ಹೆಂಗಸರ ಕೈಗೆ ಬೊಬ್ಬೆ ಎದ್ದವು. ಅವರಲ್ಲಿ ಹಿರಿಯಳು ದುರುಗವ್ವ. "ಮೇಸ್ತ್ರಿ, ಇದೇನು ಕಾಂಕ್ರೀಟೋ, ನಮ್ಮತ್ತಿ ಮನಸೋ? ಜಪ್ಪಯ್ಯ ಅಂದ್ರೂ ಕದಲವಲ್ದು!" ಎಂದಳು. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ನಕ್ಕ ಬಾಯಲ್ಲೇ, "ಎರಡು ಕೊಡ ನೀರು ಹಾಕ್ರಿ" ಎಂದುಬಿಟ್ಟ.

ಬಿಗಿದ ಕಾಂಕ್ರೀಟಿಗೆ ಮತ್ತೆ ನೀರು ಬೆರೆಸಬಾರದು. ಬೆರೆಸಿದರೆ ಹರಡುವುದು ಸುಲಭ, ಮೇಲೆ ನುಣುಪು, ಒಳಗೆ ಮಾತ್ರ ಬಲವಿಲ್ಲ. ಅವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಕರುಣೆಯಿಂದ ಮಾಡಿದ. ಕಾಂಕ್ರೀಟಿಗೆ ಕರುಣೆ ತಿಳಿಯುವುದಿಲ್ಲ.

ಎರಡು ತಿಂಗಳಿಗೆ ಒಂದು ಅಂಕಣ ಬಿರುಕು ಬಿಟ್ಟಿತು. ಇಂಜಿನಿಯರ್ ಬಂದರು, ಬಗ್ಗಿ ನೋಡಿದರು, "ಇದೊಂದನ್ನು ಒಡೆದು ಹೊಸದಾಗಿ ಹಾಕಿ" ಎಂದರು. ಒಂದಕ್ಕೇ ಮುಗಿಯಿತಲ್ಲ ಎಂದು ಗುತ್ತಿಗೆದಾರ ಉಸಿರು ಬಿಟ್ಟ. ಎಲ್ಲರೂ ಜೀಪಿನ ಕಡೆ ಹೊರಟರು.

ಮೇಸ್ತ್ರಿ ಹೊರಡಲಿಲ್ಲ. ಮೂಲೆಯ ಧೂಳು ಒರೆಸಿ ತಾರೀಖು ನೋಡಿದ. ನೀರು ಹಾಕಿಸಿದ ದಿನದ್ದೇ. ಪಕ್ಕದ ಅಂಕಣದ ಮೂಲೆ ಒರೆಸಿದ. ಅದೇ ತಾರೀಖು. ಅದರಾಚೆಯದೂ ಅದೇ. ಮುದ್ದಾಗಿ ಬರೆದಿದ್ದ, ತನ್ನದೇ ಕೈ. ಎರಡರಲ್ಲೂ ಕೂದಲೆಳೆಯಷ್ಟು ಬಿರುಕಿಲ್ಲ. ಆ ನೀರು ಬೆರೆಸಿದ್ದು ಯಾವ ಅಂಕಣಕ್ಕೆ ಬಿತ್ತು, ಯಾವುದಕ್ಕೆ ಬೀಳಲಿಲ್ಲ ಎಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ಬಾಯಿ ಬಿಟ್ಟರೆ ಇಪ್ಪತ್ತು ವರ್ಷದ ದುಡಿಮೆ ಒಂದು ಮಾತಿಗೆ ಹೋಗುತ್ತದೆ. ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಷ್ಟರಲ್ಲಿ ಜೀಪಿನ ಬಾಗಿಲು ತೆಗೆದ ಸದ್ದಾಯಿತು.

"ಸಾಹೇಬ್ರ, ಇನ್ನೂ ಎರಡು ಒಡೀಬೇಕ್ರಿ," ಎಂದು ಅವನು ಕೂಗಿದ. "ಆ ದಿನ ನೀರು ಹಾಕಿಸಿದಾಂವ ನಾನ. ಯಾವುದಕ್ಕ ಬಿತ್ತೋ ನೆನಪಿಲ್ರಿ. ಮೂರರದೂ ಒಂದ ತಾರೀಖು."

ಇಂಜಿನಿಯರ್ ಹಿಂದಕ್ಕೆ ಬಂದು ಮೂರೂ ತಾರೀಖು ನೋಡಿ, "ಹಾಗಾದರೆ ಮೂರೂ ಒಡೆಯಿರಿ" ಎಂದರು.

ಗುತ್ತಿಗೆದಾರನ ಮುಖ ಕಪ್ಪಿಟ್ಟಿತು. "ನಿನ್ನ ಯಾರರ ಕೇಳಿದ್ರೇನಲೇ? ಒಡಿ. ಮೂರೂ ನೀನ ಒಡಿ. ಆಮ್ಯಾಲೆ ಆ ದಾರ ಇಲ್ಲಿಟ್ಟು ಬುಟ್ಟಿ ಹೊರು."

ಮೇಸ್ತ್ರಿ ತಾನೇ ಸುತ್ತಿಗೆ ಎತ್ತಿದ. ಬಿರುಕು ಬಿಟ್ಟದ್ದು ಸುಲಭವಾಗಿ ಒಡೆಯಿತು. ಎರಡನೆಯದು, ಮೇಲೆ ಅಷ್ಟು ಚೆಂದವಿದ್ದದ್ದು, ಒಣಗಿದ ರೊಟ್ಟಿಯ ಹಾಗೆ ಮುರಿಯಿತು. ಜಲ್ಲಿ ತೊಳೆದಿಟ್ಟಂತೆ ಬಿಡಿಬಿಡಿಯಾಗಿ ಹೊರಬಂತು. ಮೂರನೆಯದಕ್ಕೆ ಹೊಡೆದರೆ ಸುತ್ತಿಗೆಯೇ ಪುಟಿದು ಬಂತು. ಅದು ಬೆಳಗಿನ ಕೆಲಸ, ನೀರು ಸೇರಿರಲಿಲ್ಲ. ಒಡೆಯಲು ಎರಡು ದಿನ ಹಿಡಿಯಿತು.

"ನೋಡಿದ್ಯಾ?" ಎಂದ ಗುತ್ತಿಗೆದಾರ. "ಕಬ್ಬಿಣದಂಥಾದ್ದನ್ನ ಒಡದಿ."

"ಹೌದ್ರಿ. ಒಡಿಯೂಕಿಂತ ಮುಂಚೆ ಅದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ," ಎಂದು ಮೇಸ್ತ್ರಿ ದಾರ ಸುತ್ತಿ ಗುತ್ತಿಗೆದಾರನ ಕೈಗಿಟ್ಟ.

ಬೇರೆ ಊರಿನಿಂದ ಹೊಸ ಮೇಸ್ತ್ರಿ ಬಂದ. ಮೂರೂ ಅಂಕಣಕ್ಕೆ ಮತ್ತೆ ಕಾಂಕ್ರೀಟ್ ಹಾಕುವ ದಿನ ಹಳೆಯ ಮೇಸ್ತ್ರಿ ತಲೆಗೆ ಬಟ್ಟೆಯ ಸಿಂಬೆ ಇಟ್ಟುಕೊಂಡು ಹೆಂಗಸರ ಸಾಲಿನಲ್ಲಿ ಬುಟ್ಟಿ ಹೊತ್ತ. ಅದೇ ಬಿಸಿಲು. ಮತ್ತೆ ಕಾಂಕ್ರೀಟ್ ಬಿಗಿಯಿತು. ಹೊಸ ಮೇಸ್ತ್ರಿ ನೆರಳಿನಲ್ಲಿ ನಿಂತು, "ಒಂದು ಕೊಡ ನೀರು ಹಾಕಿ ಎಳೀರಿ" ಎಂದ.

ದುರುಗವ್ವ ಕೊಡ ಎತ್ತಿದಳು. ಸುರಿಯಲಿಲ್ಲ. ಕೊಡವನ್ನು ಸೊಂಟದಲ್ಲೇ ಹಿಡಿದು ಸಾಲಿನ ಕಡೆ ತಿರುಗಿ, "ಮೇಸ್ತ್ರಿ, ಹಾಕಲೇನ್ರಿ?" ಎಂದು ಕೂಗಿದಳು.

ಯಾರನ್ನು ಕರೆದಳೆಂದು ಅವನು ಹಿಂದೆ ತಿರುಗಿ ನೋಡಲಿಲ್ಲ. ತಲೆಯ ಮೇಲೆ ಬುಟ್ಟಿ ಇದ್ದ ಹಾಗೆಯೇ, "ಬ್ಯಾಡವ್ವ. ಅದನ್ನ ಚೆಲ್ಲಿ ಹೊಸದು ಕಲಸೂಣು" ಎಂದ.

ದುರುಗವ್ವ ಕೊಡ ಕೆಳಗಿಟ್ಟಳು. ಹೆಂಗಸರೆಲ್ಲ ಸೇರಿ ಬಿಗಿದದ್ದನ್ನು ಎತ್ತಿ ಆಚೆ ಹಾಕಿದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಅಡಿವೆಯ್ಯ ತಡೆಯಲಾರದೆ, "ಅವನ ಮೇಸ್ತ್ರಿಕೆ ಅವನಿಗೆ ಮತ್ತೆ ಸಿಕ್ಕಿತೇ, ಗುರುಗಳೇ?" ಎಂದು ಕೇಳಿದ.

"ಹೋದದ್ದು ದಾರ. ಮೇಸ್ತ್ರಿಕೆ ಹೋದದ್ದು ಯಾವಾಗ, ಅಡಿವೆಯ್ಯ?"