ಕೇಳದೆ ನಡೆದ ದಾರಿ

ಒಂದಾನೊಂದು ಕಾಲದಲ್ಲಿ, ಬೇಲಿಗಿಂತ ದಾರಿಗೇ ವಯಸ್ಸು ಹೆಚ್ಚಾಗಿದ್ದ ಕಾಲದಲ್ಲಿ, ಹೊನ್ನೂರವ್ವ ಅಂತ ಒಬ್ಬ ಕುಂಬಾರರ ಹೆಂಗಸು ಇದ್ದಳಂತೆ. ನೆಟ್ಟಗೆ ಮಲಗು ಮಗು, ಕಾಲು ಆಡಿಸಬೇಡ. ಸಂತೆಯ ದಿನ ಅವಳು ತಲೆಯ ಮೇಲೆ ಒಂದರ ಮೇಲೊಂದು ಐದು ಮಡಕೆ ಹೊತ್ತು, ಅಡಿವೆಪ್ಪಗೌಡನ ಮಾವಿನ ತೋಪಿನೊಳಗೆ ಹಾದು ಸಂತೆಗೆ ಹೋಗುತ್ತಿದ್ದಳಂತೆ. ಅವಳ ಅತ್ತೆಯೂ ಹಾಗೇ, ಅತ್ತೆಯ ಅತ್ತೆಯೂ ಹಾಗೇ. ಬಿದ್ದ ಹಣ್ಣನ್ನು ಕೂಡ ಒಬ್ಬರೂ ಮುಟ್ಟಿದವರಲ್ಲ.

ಒಂದು ಸಲ ಗೌಡನಿಗೆ ಏನನ್ನಿಸಿತೋ, ದಾರಿಗೆ ಮುಳ್ಳು ಹಾಕಿಸಿದನಂತೆ. ಹೊನ್ನೂರವ್ವ ಕೋಲಿನಿಂದ ಮುಳ್ಳು ಸರಿಸಿ ಹೋದಳಂತೆ. ಆಮೇಲೆ ಕಂದಕ ತೋಡಿಸಿದ, ಅವಳು ಹಲಗೆ ಹಾಕಿ ದಾಟಿದಳಂತೆ. ಮೂರನೇ ಸಲ ಗೌಡ ತೋಪನ್ನೆಲ್ಲ ಉಳುಮೆ ಮಾಡಿಸಿ, ಹೆಜ್ಜೆಯ ಗುರುತೂ ಇಲ್ಲದ ಹಾಗೆ ಮಾಡಿ, ಒಂದು ಬಾಗಿಲು ಇಡಿಸಿ, ತಾನೇ ನಗುನಗುತ್ತಾ ನಿಂತಿದ್ದನಂತೆ. ಬಾರವ್ವ, ಇನ್ನು ಮುಳ್ಳೂ ಇಲ್ಲ, ಕಂದಕವೂ ಇಲ್ಲ, ಪ್ರತಿ ಸಂತೆಗೂ ಬಂದು ಗೌಡ್ರೇ ಹೋಗಲಾ ಅಂತ ಒಂದು ಮಾತು ಕೇಳು, ಸಾಕು ಅಂದನಂತೆ.

ಮುಳ್ಳಿಗೆ ಹೆದರದವಳು ಆ ಮಾತಿಗೆ ಹೆದರಿದಳಂತೆ. ಹಿಂದೆ ತಿರುಗಿ, ಗುಡ್ಡ ಸುತ್ತಿಕೊಂಡು ಹೋದಳು. ಕಲ್ಲಿನ ದಾರಿ, ಐದರಲ್ಲಿ ಮೂರು ಮಡಕೆ ಒಡೆದುಹೋದವು. ಸೊಸೆ ಸಿಡುಕಿದಳಂತೆ. ಕೇರಿಯವರೆಲ್ಲ ಕೇಳಿಕೊಂಡು ಹೋಗ್ತಾರೆ, ನಿಮಗೊಬ್ಬರಿಗೆ ನಾಲಿಗೆ ಸವೆಯುತ್ತಾ ಅತ್ತೆ? ಒಲೆ ಮೇಲೆ ಏನು ಇಡಲಿ, ನಿಮ್ಮ ಜಂಬಾನಾ?

ಹೊನ್ನೂರವ್ವ ಸೆರಗು ಸರಿಮಾಡಿಕೊಂಡು ಹೇಳಿದಳಂತೆ, ಇವತ್ತು ನಾನು ಕೇಳಿದರೆ ಅದು ಅವನ ದಯೆ ಆಗುತ್ತೆ ಕಣೇ. ದಯೆ ಅಂದಮೇಲೆ, ನಾಳೆ ನಿನ್ನ ಮಗಳು ಕೇಳಿದಾಗ ಅವನ ಮಗ ಇಲ್ಲ ಅನ್ನಬಹುದು.

ಆಮೇಲೆ ನೆಟ್ಟಗೆ ಆ ಸೀಮೆಯ ರಾಜನ ಹತ್ತಿರ ಹೋದಳಂತೆ. ರಾಜ ತೋಪಿಗೇ ಬಂದ. ಗೌಡ ಕೈಮುಗಿದು, ತೋಪು ನನ್ನದು ಸ್ವಾಮಿ, ಪಾಪ ಅಂತ ಬಿಡ್ತಿದ್ದೆ, ಇಲ್ಲಿ ದಾರಿ ಎಲ್ಲಿದೆ ನೀವೇ ನೋಡಿ ಅಂದನಂತೆ. ನೋಡಿದರೆ ಎಲ್ಲಾ ಉತ್ತ ಮಣ್ಣೇ. ನಿನ್ನ ದಾರಿ ಎಲ್ಲಮ್ಮ ಅಂತ ರಾಜ ಕೇಳಿದ್ದಕ್ಕೆ ಹೊನ್ನೂರವ್ವ, ತಲೆ ಮೇಲೆ ಐದು ಮಡಕೆ ಇಟ್ಟವಳು ನೆಲ ನೋಡ್ತಾಳಾ ಸ್ವಾಮಿ, ನನ್ನ ಮಡಕೆಗಳನ್ನೇ ಕೇಳಿ ಅಂದಳಂತೆ.

ರಾಜ ಐದು ಮಡಕೆ ಹೊರಿಸಿ, ಮರಗಳ ಮೊದಲನೇ ಸಾಲಿನಲ್ಲಿ ನಡಿ ಅಂದ. ಎರಡನೇ ಮರದ ಕೊಂಬೆ ತಗಲಿ ಮೇಲಿನ ಮಡಕೆ ಢಬ್ ಅಂತ ಬಿತ್ತು. ಎರಡನೇ ಸಾಲಿನಲ್ಲಿ ನಡಿ ಅಂದ. ಅಲ್ಲೂ ಒಂದು ಬಿತ್ತು. ರಾಜ ಹೊಸದಾಗಿ ಎರಡು ತರಿಸಿ ಐದು ಮಾಡಿ, ಮೂರನೇ ಸಾಲು ತೋರಿಸಿದ. ಹೊನ್ನೂರವ್ವ ಕೈಯನ್ನೂ ಎತ್ತದೆ ಆ ತುದಿಯವರೆಗೆ ನಡೆದುಹೋದಳಂತೆ. ಒಂದು ಎಲೆಯೂ ತಗಲಲಿಲ್ಲ.

ರಾಜ ತಲೆಯೆತ್ತಿ ನೋಡಿದನಂತೆ. ಆ ಸಾಲಿನಲ್ಲಿ ಕೊಂಬೆಗಳನ್ನೆಲ್ಲ ಒಂದೇ ಎತ್ತರಕ್ಕೆ ಕಡಿದಿದ್ದರು, ಹಳೇ ಗಾಯದ ಪಕ್ಕದಲ್ಲಿ ಹೊಸ ಗಾಯ. ಇದನ್ನು ಕಡಿಯುವವರು ಯಾರಪ್ಪ? ಗೌಡ ಮೆಲ್ಲಗೆ, ನಾನೇ ಸ್ವಾಮಿ ಅಂದನಂತೆ. ವರ್ಷಕ್ಕೊಮ್ಮೆ ಈ ಸಾಲು ಸವರು ಅಂತ ಅಪ್ಪ ಹೇಳಿಹೋಗಿದ್ದ. ಯಾಕೆ ಅಂತ ನಾನು ಕೇಳಲೇ ಇಲ್ಲ.

ರಾಜ ಹೇಳಿದ, ಮಣ್ಣು ನಿನ್ನದು, ಮರ ನಿನ್ನದು, ನೆರಳೂ ನಿನ್ನದು. ಈ ನಡಿಗೆ ಮಾತ್ರ ಈ ಕುಂಬಾರರದು. ಇವರು ಗಾಡಿ ತರಬಾರದು, ದನ ಬಿಡಬಾರದು. ನೀನು ಬಾಗಿಲು ಹಾಕಬಾರದು.

ಮುಂದಿನ ಸಂತೆಗೆ ಬಾಗಿಲು ಇರಲಿಲ್ಲ. ಗೌಡ ಒಂದು ಹಣ್ಣು ಹಿಡಿದು ನಿಂತಿದ್ದನಂತೆ. ಹೊನ್ನೂರವ್ವ ಕೈಯೊಡ್ಡಿ ತೆಗೆದುಕೊಂಡು, ನಿನ್ನ ಹೊಟ್ಟೆ ತಣ್ಣಗಿರಲಿ ಗೌಡ ಅಂದಳಂತೆ. ಇದು ಹಣ್ಣಿಗೆ ಹೇಳಿದ್ದು, ದಾರಿಗಲ್ಲ ಅಂತಲೂ ಸೇರಿಸಿದಳಂತೆ.

ಗೌಡ ನಕ್ಕುಬಿಟ್ಟನಂತೆ. ಆ ವರ್ಷವೂ ಏಣಿ ಹಾಕಿ ಆ ಸಾಲು ತಾನೇ ಸವರಿದನಂತೆ, ಯಾಕೆ ಅಂತ ತಿಳಿದು.

ತೋಪು ಅವನಿಗೆ, ದಾರಿ ಅವಳಿಗೆ, ನಿದ್ದೆ ನಿನಗೆ. ಕತೆ ಮುಗೀತು, ಕಣ್ಣು ಮುಚ್ಚು.